ಉಪ್ಪುಗಾಳಿಗೆ ತಾಳುವ ಪಿಸ್ತೂಲು: ಕುಂದಾಪುರ ಸೀಮೆಯ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಗ್ಯಾಸ್ ಪಿಸ್ತೂಲು, ಏರ್‌ಗನ್ ಇಟ್ಟುಕೊಂಡಿರುವ ಮತ್ತು ಕೊಳ್ಳಬೇಕೆಂದಿರುವ ಎಲ್ಲರಿಗೂ,

ಗ್ಯಾಸ್ ಪಿಸ್ತೂಲಿನಲ್ಲಿ ಮದ್ದಿಲ್ಲ, ತೋಟೆಯಿಲ್ಲ. ಮ್ಯಾಗಜೀನಿನೊಳಗೆ ದ್ರವವಾಗಿ ಕುಳಿತ ಅನಿಲ, ಕವಾಟ ತೆರೆದೊಡನೆ ಆವಿಯಾಗಿ ಹಿಗ್ಗಿ ಗುಂಡನ್ನು ನಳಿಗೆಯಿಂದಾಚೆ ತಳ್ಳುತ್ತದೆ. ನೋಟ, ಅಳತೆ, ಹಿಡಿತ ಎಲ್ಲದರಲ್ಲೂ ಅಸಲಿ ಪಿಸ್ತೂಲನ್ನು ಹೋಲುವ ಈ ಪ್ರತಿಕೃತಿಗಳಲ್ಲಿ ಎರಡು ಜಾತಿ. ಏರ್‌ಸಾಫ್ಟ್ ಎನ್ನಿಸಿಕೊಳ್ಳುವುದು 6 ಮಿ.ಮೀ. ಪ್ಲಾಸ್ಟಿಕ್ ಗುಂಡಿನದು, ಎಚ್‌ಎಫ್‌ಸಿ-134ಎ ಅನಿಲವನ್ನೋ ಗ್ರೀನ್ ಗ್ಯಾಸ್ ಎಂಬ ಹೆಸರಿನಲ್ಲಿ ಮಾರುವ ಪ್ರೊಪೇನನ್ನೋ ತುಂಬಿಸಿ ಹಾರಿಸುವಂಥದು. ಇನ್ನೊಂದು 4.5 ಮಿ.ಮೀ. ಉಕ್ಕಿನ ಗುಂಡಿನದು, ಇಲ್ಲವೇ ಸೀಸದ ಪೆಲೆಟ್ಟಿನದು. ಅದಕ್ಕೆ 12 ಗ್ರಾಂ ಇಂಗಾಲದ ಡೈಆಕ್ಸೈಡ್ ತುಂಬಿದ ಉಕ್ಕಿನ ಕ್ಯಾಪ್ಸೂಲ್ ಬೇಕು. ಎರಡರಲ್ಲೂ ಮೇಲುದರ್ಜೆಯ ಮಾದರಿಗಳು ಸಾಮಾನ್ಯವಾಗಿ ಬ್ಲೋಬ್ಯಾಕ್ ಪದ್ಧತಿಯವು. ಗುಂಡು ಹಾರಿದ ಮೇಲೆ ಮಿಕ್ಕ ಅನಿಲ ಮೇಲಿನ ಸ್ಲೈಡನ್ನು ಹಿಂದಕ್ಕೆ ಒದೆಯುತ್ತದೆ, ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ತಂದು ಬಡಿಯುತ್ತದೆ. ಒಂದು ಈಡಿಗೆ ಎರಡು ಬಡಿತ. ಪಿಸ್ತೂಲಿನ ಆಯುಷ್ಯ ಸವೆಯುವುದು ಈ ಬಡಿತಗಳಲ್ಲಿ. ಕರಾವಳಿಯಲ್ಲಿ ಅದರ ಮೇಲೆ ಉಪ್ಪು, ತೇವ, ಸೆಕೆ ಮೂರೂ ಸೇರುತ್ತವೆ.

ಈ ಸೀಮೆಯ ಮನೆಗಳಿಗೆ ಇಂಥ ಪಿಸ್ತೂಲು ಎರಡು ದಾರಿಯಲ್ಲಿ ಬರುತ್ತದೆ. ಡಬ್ಬಕ್ಕೋ ಕಾಗದದ ಗುರಿಗೋ ಹೊಡೆಯುವ ಹುಮ್ಮಸ್ಸಿನಿಂದ ಹುಡುಗರು ತರಿಸಿಕೊಳ್ಳುವುದು ಒಂದು. ಬಾಳೆ, ತೆಂಗು, ಅಡಿಕೆ ತೋಟದ ಮಂಗನ ಕಾಟಕ್ಕೆ ಉಪಾಯ ಹುಡುಕುವ ಕೃಷಿಕರು ಕೊಳ್ಳುವುದು ಇನ್ನೊಂದು. ಚುನಾವಣೆ ಬಂತೆಂದರೆ ಬೆಳೆರಕ್ಷಣೆಯ ಪರವಾನಗಿ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವ ಊರುಗಳಲ್ಲಿ, ಪರವಾನಗಿ ಬೇಡದ ಆಯುಧದ ಕಡೆಗೆ ಕಣ್ಣು ಹೋಗುವುದು ಸಹಜ. ಯಾವ ದಾರಿಯಲ್ಲಿ ಬಂದರೂ ಕೊಳ್ಳುವಾಗ ನೋಡುವುದು ಒಂದೇ ಗುಣವನ್ನು: ಕೈಯಲ್ಲಿ ಹಿಡಿದರೆ ಭಾರವಾಗಿದೆಯೇ, ‘ಫುಲ್ ಮೆಟಲ್’ ಹೌದೇ? ಗಟ್ಟಿತನದ ಅಳತೆಗೋಲಾಗಿ ಇದು ಸರಿಯಲ್ಲ. ಅರಬ್ಬೀ ಸಮುದ್ರದ ಅಂಚಿನ ಈ ಮೂರು ತಾಲೂಕುಗಳಲ್ಲಂತೂ ಪೂರ್ತಿ ಲೋಹದ ಅಗ್ಗದ ಪಿಸ್ತೂಲಿಗಿಂತ ಒಳ್ಳೆಯ ಪ್ಲಾಸ್ಟಿಕ್ ಸ್ಲೈಡಿನ ಪಿಸ್ತೂಲು ಹೆಚ್ಚು ಬಾಳುತ್ತದೆ. ಕಾರಣ ತಿಳಿಯಲು ಆ ಲೋಹ ಯಾವುದು ಎಂಬಲ್ಲಿಂದ ಶುರುಮಾಡಬೇಕು.

ಅದು ಬಹುಪಾಲು ಸತುವಿನ ಮಿಶ್ರಲೋಹ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಜಮಾಕ್ ಎಂಬ ಹೆಸರಿನಲ್ಲಿ ಹೊರತಂದ ಮಿಶ್ರಲೋಹಗಳ ವಂಶಕ್ಕೆ ಸೇರಿದ್ದು. ಸತುವಿಗೆ ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಸೇರಿಸಿದ ಈ ಲೋಹ 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗಿ, ಅಚ್ಚಿನ ಮೂಲೆಮೂಲೆಗೂ ಹರಿದು, ಅಕ್ಷರ, ಗೀರು, ಹಲ್ಲುಗಳನ್ನೆಲ್ಲ ಚೊಕ್ಕವಾಗಿ ಮೂಡಿಸುತ್ತದೆ. ಒಂದೇ ಅಚ್ಚಿನಿಂದ ಸಾವಿರಾರು ತುಂಡುಗಳನ್ನು ಎರಕ ತೆಗೆಯಬಹುದು. ಪ್ರತಿಕೃತಿ ತಯಾರಕರಿಗೆ ಇದಕ್ಕಿಂತ ಅನುಕೂಲದ ಲೋಹ ಬೇರೆ ಸಿಗದು. ಆದರೆ ಉಕ್ಕಿಗಿರುವ ಜಿಗುಟು ಸತುವಿಗಿಲ್ಲ. ಪದೇಪದೇ ಪೆಟ್ಟು ಬೀಳುವ ತೆಳು ಜಾಗದಲ್ಲಿ ಅದು ಬಾಗುವ ಬದಲು ಬಿರಿಯುತ್ತದೆ. ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರಂತೂ ಲೋಹದ ಕಣಕಣದ ನಡುವೆ ಒಳಗಿಂದೊಳಗೇ ಕೊಳೆತ ಶುರುವಾಗಿ, ವರ್ಷಗಳು ಕಳೆದಂತೆ ತುಂಡು ಉಬ್ಬಿ, ಬಿರುಕುಬಿಟ್ಟು, ಪುಡಿಯಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಆಟಿಕೆ ರೈಲು, ಕಾರುಗಳಲ್ಲಿ ಕಂಡುಬಂದ ಈ ರೋಗಕ್ಕೆ ಮದ್ದಾಗಿಯೇ ಅತಿಶುದ್ಧ ಸತುವಿನ ಜಮಾಕ್ ಹುಟ್ಟಿಕೊಂಡಿತು. ಗುಜರಿ ಸತುವಿನಿಂದ ಎರಕ ಹೊಯ್ದ ಹೆಸರಿಲ್ಲದ ಸರಕಿನಲ್ಲಿ ಅದು ಇಂದಿಗೂ ತಲೆಹಾಕಬಲ್ಲದು. ಸೆಕೆ ಮತ್ತು ತೇವ ಅದನ್ನು ಬೇಗ ಬೆಳೆಸುತ್ತವೆ.

ಭಾರ ಮೋಸಮಾಡುವುದು ಇಲ್ಲಿಯೇ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಸತುವಿನ ಮಿಶ್ರಲೋಹ 6.6 ಗ್ರಾಂ ತೂಗುತ್ತದೆ. ಅಲ್ಯೂಮಿನಿಯಂ ಬರೀ 2.7. ಅಂದರೆ ಅಗ್ಗದ ಸತು ಕೈಗೆ ಉಕ್ಕಿನಂತೆ ಅನ್ನಿಸುತ್ತದೆ, ಅದಕ್ಕಿಂತ ಎಷ್ಟೋ ಮೇಲಾದ ಯಂತ್ರಕೊರೆತದ ಅಲ್ಯೂಮಿನಿಯಂ ಸ್ಲೈಡು ಹಗುರವಾಗಿ ‘ಆಟಿಕೆ’ಯಂತೆ ಅನ್ನಿಸುತ್ತದೆ. ನಿಜ ತಿಳಿಯಲು ಒಂದು ಅಯಸ್ಕಾಂತ ಸಾಕು. ಅದು ಉಕ್ಕಿಗೆ ಕಚ್ಚುತ್ತದೆ. ಸತುವಿಗೂ ಅಲ್ಯೂಮಿನಿಯಮ್ಮಿಗೂ ಕಚ್ಚುವುದಿಲ್ಲ. ಭಾರವಿದ್ದೂ ಅಯಸ್ಕಾಂತಕ್ಕೆ ಅಂಟದ್ದು ಸತು ಎಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು. ಸ್ಲೈಡನ್ನು ಬಿಚ್ಚಿ ಒಳಮೈಯನ್ನು ಬೆಳಕಿಗೆ ಹಿಡಿದರೆ ಇನ್ನಷ್ಟು ಕಾಣುತ್ತದೆ. ಅಚ್ಚಿನ ಎರಡು ಹೋಳುಗಳು ಸೇರಿದ ಗೆರೆ ತೆಳುವಾದ ಏಣಿನಂತೆ ಉದ್ದಕ್ಕೂ ಓಡಿರುತ್ತದೆ. ಒಳ್ಳೆಯ ತಯಾರಿಯಲ್ಲಿ ಅದನ್ನು ಉಜ್ಜಿ ನಯಗೊಳಿಸಿರುತ್ತಾರೆ. ಕಳಪೆಯದರಲ್ಲಿ ಅದು ಉಗುರಿಗೆ ತೊಡರುತ್ತದೆ. ಬಣ್ಣ ಹತ್ತದ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿದ್ದರೆ ಅವು ಎರಕದಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು. ಅಂಥ ಗುಳ್ಳೆ ಸ್ಲೈಡಿನ ಕಿಟಕಿಯ ಮೂಲೆಯಲ್ಲಿದ್ದರೆ ಮೊದಲ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಸತು ಸಮುದ್ರದ ಬಳಿ ಏನಾಗುತ್ತದೆಂಬುದನ್ನು ಗಂಗೊಳ್ಳಿ, ಹಂಗಾರಕಟ್ಟೆಯ ಬೋಟಿನವರಿಗೆ ಹೇಳಿಕೊಡಬೇಕಾಗಿಲ್ಲ. ಉಕ್ಕಿನ ಬೋಟುಗಳ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುವುದೇ ಅದು ತಿಂದುಹೋಗಲಿ ಎಂದು. ಉಪ್ಪುನೀರಿನಲ್ಲಿ ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿದು, ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಸತು ಕರಗಿ ಉಕ್ಕನ್ನು ಉಳಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟು ದಡಕ್ಕೇರಿದಾಗ ನೋಡಿದರೆ ಈ ಗಟ್ಟಿಗಳು ಹಲ್ಲಿನಿಂದ ಕಚ್ಚಿ ತೆಗೆದಂತೆ ಗುಳಿಬಿದ್ದು ಅರೆವಾಸಿಯಾಗಿರುತ್ತವೆ. ಗ್ಯಾಸ್ ಪಿಸ್ತೂಲಿನಲ್ಲಿ ಇದೇ ಜೋಡಿ ಮಗುಚಿ ಕೂತಿದೆ: ದೊಡ್ಡ ದೇಹ ಸತುವಿನದು, ಅದನ್ನು ಹಿಡಿದಿಡುವ ಪಿನ್ನು, ತಿರುಪು, ಸ್ಪ್ರಿಂಗುಗಳು ಉಕ್ಕಿನವು, ಕವಾಟ ಹಿತ್ತಾಳೆಯದು. ತೇವವೂ ಉಪ್ಪೂ ಸೇರಿದರೆ ಕರಗುವ ಸರದಿ ದೇಹದ್ದು. ಪಿನ್ನಿನ ಸುತ್ತ ಬಿಳಿಯ ಪುಡಿ ಕಂಡರೆ ಅದು ಧೂಳಲ್ಲ, ಸತುವಿನ ತುಕ್ಕು. ಪಿನ್ನಿನ ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಸಾಕು, ಹ್ಯಾಮರ್ ಓರೆಯಾಗಿ ಕೂತು, ಪಿಸ್ತೂಲು ಒಮ್ಮೆ ಹಾರಿ ಒಮ್ಮೆ ಹಾರದಂತಾಗುತ್ತದೆ.

ಸಮುದ್ರದ ನೀರು ಪಿಸ್ತೂಲಿಗೆ ತಾಗಬೇಕೆಂದೇನಿಲ್ಲ. ತೆರೆ ಒಡೆದಾಗ ಏಳುವ ತುಂತುರು ಗಾಳಿಯಲ್ಲಿ ಒಣಗಿ ಉಪ್ಪಿನ ಕಣವಾಗಿ ಒಳನಾಡಿಗೆ ತೇಲುತ್ತದೆ, ಸಿಕ್ಕಿದ ಮೇಲ್ಮೈಗೆಲ್ಲ ಅಂಟುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ; ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರಾಡುವುದೂ ಲೋಹದ ಮೇಲಿನ ಕಾಣದ ಉಪ್ಪು ನೀರಾಗುವುದೂ ಒಂದೇ ಬಗೆ. ಒರೆಸಿಟ್ಟ ಪಿಸ್ತೂಲೂ ಹೀಗೆ ಮಳೆಗಾಲವಿಡೀ ಉಪ್ಪುನೀರಿನ ತೆಳುಪೊರೆ ಹೊದ್ದು ಮಲಗಿರುತ್ತದೆ. ಈ ಉಪ್ಪು ಕಡಲಂಚಿನಿಂದ ಕೆಲವೇ ಕಿಲೋಮೀಟರ್ ಒಳಕ್ಕೆ ಹೋಗುವಷ್ಟರಲ್ಲಿ ಬಹಳ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆಯ ಮನೆಗೂ, ಘಟ್ಟದ ಬುಡದ ಅಮಾಸೆಬೈಲಿನ ಮನೆಗೂ ಪಿಸ್ತೂಲಿನ ಶತ್ರು ಬೇರೆಬೇರೆ. ಕೋಡಿ, ತ್ರಾಸಿ, ಉಪ್ಪುಂದ, ಶಿರೂರಿನ ಕಡೆ ಉಪ್ಪು. ಸಿದ್ದಾಪುರ, ಕೊಲ್ಲೂರು, ಜಡ್ಕಲ್ಲಿನ ಕಡೆ ಬಿಡದ ಮಳೆ ಮತ್ತು ಬೂಷ್ಟು.

ಪ್ಲಾಸ್ಟಿಕ್ಕಿಗೆ ಈ ಯಾವ ಕಾಟವೂ ಇಲ್ಲ. ಏರ್‌ಸಾಫ್ಟಿನ ತವರಾದ ಜಪಾನಿನಲ್ಲಿ ಸ್ಲೈಡುಗಳು ಪ್ಲಾಸ್ಟಿಕ್ಕಿನವಾಗಲು ಕಾರಣ ಕಾನೂನು. 1971ರಲ್ಲಿ ಅಲ್ಲಿನ ಸರಕಾರ ಲೋಹದ ಮಾದರಿ ಪಿಸ್ತೂಲುಗಳ ನಳಿಗೆ ಮುಚ್ಚಬೇಕು, ಮೈಗೆ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕು ಎಂದಿತು. ಕಪ್ಪು ಬಣ್ಣದ ಪಿಸ್ತೂಲು ಬೇಕೆಂದರೆ ಪ್ಲಾಸ್ಟಿಕ್ಕೇ ಗತಿಯಾಯಿತು. 2006ರಲ್ಲಿ ಗುಂಡಿನ ಶಕ್ತಿಗೂ ಮಿತಿ ಬಂತು, 6 ಮಿ.ಮೀ. ಗುಂಡಿಗೆ ಸುಮಾರು 0.98 ಜೂಲ್. ಈ ಕಟ್ಟುಪಾಡುಗಳ ಒಳಗೇ ಟೋಕಿಯೋ ಮಾರುಯಿಯಂಥ ಕಂಪನಿಗಳು ಎಬಿಎಸ್ ಪ್ಲಾಸ್ಟಿಕ್ಕಿನ ಹಗುರ ಸ್ಲೈಡು, ಕಡಿಮೆ ಒತ್ತಡದ 134ಎ ಅನಿಲ, ನಿಖರ ಅಳತೆಯ ಒಳಭಾಗಗಳನ್ನು ಒಂದಕ್ಕೊಂದು ಹೊಂದಿಸಿದವು. ಹಗುರ ಸ್ಲೈಡು ಮೆತ್ತಗೆ ಬಡಿಯುತ್ತದೆ. ಬಡಿತ ಕಡಿಮೆಯಾದರೆ ಸವಕಳಿಯೂ ಕಡಿಮೆ. ಡಬ್ಲ್ಯೂಇ, ಕೆಜೆ ವರ್ಕ್ಸ್ ಮೊದಲಾದ ತೈವಾನಿನ ಕಂಪನಿಗಳು ಇಂಥವೇ ವಿನ್ಯಾಸಗಳನ್ನು ಲೋಹದಲ್ಲಿ, ಹೆಚ್ಚು ಒತ್ತಡದ ಅನಿಲಕ್ಕೆ ತಕ್ಕಂತೆ ತಯಾರಿಸಿದವು. ಅವುಗಳ ಒದೆತ ಜೋರು, ಸದ್ದು ಜೋರು, ಕೈಗೆ ಸಿಗುವ ಖುಷಿಯೂ ಹೆಚ್ಚು. ಬೆಲೆ ಕೊಟ್ಟರೆ ಅಲ್ಯೂಮಿನಿಯಂ ಸ್ಲೈಡಿನ, ಉಕ್ಕಿನ ಹ್ಯಾಮರಿನ ಮಾದರಿಗಳೂ ಸಿಗುತ್ತವೆ, ಅವು ಕರಾವಳಿಗೂ ತಾಳುತ್ತವೆ. ಆದರೆ ಕೈಗೆಟುಕುವ ಬೆಲೆಗೆ ಸಿಗುವ ಲೋಹ ಸಾಮಾನ್ಯವಾಗಿ ಸತು. ಅದೇ ಬೆಲೆಗೆ ಪ್ಲಾಸ್ಟಿಕ್ ಸ್ಲೈಡು ಇರುವುದನ್ನು ಆರಿಸುವುದೇ ಜಾಣತನ.

ಪಿಸ್ತೂಲು ಸೋಲುವ ಜಾಗಗಳು ಬಹುತೇಕ ಗೊತ್ತಿರುವಂಥವು. ಖಾಲಿಯಾದಾಗ ಸ್ಲೈಡನ್ನು ಹಿಂದೆಯೇ ತಡೆಹಿಡಿಯುವ ಕೊಕ್ಕೆಯಿದೆ. ಆ ಕೊಕ್ಕೆ ಕೂರುವ ಕಚ್ಚು ಮೆತ್ತನೆಯ ಲೋಹದಲ್ಲಿ ಬೇಗ ಉರುಟಾಗಿ ಸ್ಲೈಡು ನಿಲ್ಲದಂತಾಗುತ್ತದೆ. ಅನಿಲವನ್ನು ನಳಿಗೆಗೆ ಸಾಗಿಸುವ ಪ್ಲಾಸ್ಟಿಕ್ ನಾಜಲ್ ಒಳಗೆ ಹಿಂದೆಮುಂದೆ ಓಡಾಡುತ್ತಾ ಒಂದು ದಿನ ತುಟಿ ಒಡೆದುಕೊಳ್ಳುತ್ತದೆ. ಹ್ಯಾಮರೂ ಅದನ್ನು ಹಿಡಿದಿಡುವ ಕೊಂಡಿಯೂ ಸತುವಿನದಾಗಿದ್ದರೆ ಅವುಗಳ ಅಂಚು ಸವೆದು, ಟ್ರಿಗರ್ ಎಳೆಯದೆಯೂ ಈಡು ಹಾರುವ ಅಪಾಯ ಬರುತ್ತದೆ. ಕೊಳ್ಳುವ ಮುನ್ನ ಈ ಎರಡು ಭಾಗಗಳಿಗೆ ಅಯಸ್ಕಾಂತ ಮುಟ್ಟಿಸಿ ನೋಡುವುದು ಸ್ಲೈಡಿಗೆ ಮುಟ್ಟಿಸುವುದಕ್ಕಿಂತ ಮುಖ್ಯ. ಒಳಗಿನ ತಿರುಪುಗಳು ಬಡಿತಕ್ಕೆ ಸಡಿಲಾಗುತ್ತವೆ. ಮ್ಯಾಗಜೀನು ನೆಲಕ್ಕೆ ಬಿದ್ದರೆ ಮೇಲಿನ ಪ್ಲಾಸ್ಟಿಕ್ ತುಟಿ ಮುರಿದು ಗುಂಡುಗಳು ಚೆಲ್ಲುತ್ತವೆ. ಕಾಲಕ್ರಮೇಣ ಹಾಳಾಗುವ ಭಾಗಗಳೆಂದೇ ಇವನ್ನು ಲೆಕ್ಕಹಾಕಬೇಕು. ಬಿಡಿಭಾಗ ಸಿಗುವ ಮಾದರಿ ಬಾಳುತ್ತದೆ, ಸಿಗದ ಮಾದರಿ ಮೊದಲ ನಾಜಲ್ ಒಡೆದ ದಿನವೇ ಮುಗಿಯುತ್ತದೆ.

ಇನ್ನು ಅನಿಲ ಮತ್ತು ಸೆಕೆಯ ಸಂಗತಿ. ಮ್ಯಾಗಜೀನಿನಲ್ಲಿ ಹನಿ ದ್ರವ ಉಳಿದಿರುವವರೆಗೂ ಒತ್ತಡ ತುಂಬಿದ ಪ್ರಮಾಣವನ್ನು ಅವಲಂಬಿಸುವುದಿಲ್ಲ; ಉಷ್ಣತೆಯನ್ನು ಅವಲಂಬಿಸುತ್ತದೆ. 134ಎ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 5.7 ಬಾರ್, 35 ಡಿಗ್ರಿಯಲ್ಲಿ ಸುಮಾರು 8.9 ಬಾರ್. ಪ್ರೊಪೇನಿನದು 20 ಡಿಗ್ರಿಯಲ್ಲಿ ಸುಮಾರು 8.4, 35 ಡಿಗ್ರಿಯಲ್ಲಿ 12 ಬಾರ್ ದಾಟುತ್ತದೆ. ಜಪಾನಿನ ಹವೆಗೆ 134ಎ ಹಾಕಿ ಹೊಂದಿಸಿದ ಪಿಸ್ತೂಲು ಕುಂದಾಪುರದ ಏಪ್ರಿಲ್ ಮಧ್ಯಾಹ್ನ ಅದೇ ಅನಿಲದಲ್ಲಿ ತಂಪು ದಿನದ ಪ್ರೊಪೇನಿನಷ್ಟು ಜೋರಾಗಿ ಬಡಿಯುತ್ತದೆ ಎಂದು ಈ ಅಂಕಿಗಳು ತೋರಿಸುತ್ತವೆ. ಅದಕ್ಕೆ ಪ್ರೊಪೇನ್ ತುಂಬಿಸಿದರೆ ಪ್ಲಾಸ್ಟಿಕ್ ಸ್ಲೈಡು ಬಿರಿಯುವುದು ಖಂಡಿತ ಎನ್ನಬಹುದು. ಚಳಿನಾಡಿನವರು ಹೆಚ್ಚು ಒತ್ತಡದ ಅನಿಲ ಹುಡುಕುವುದು ಅಲ್ಲಿನ ಚಳಿಗಾಲಕ್ಕೆ. ಈ ಊರಿನಲ್ಲಿ ಆ ಸಲಹೆ ಪಾಲಿಸಬೇಕಾದ ಅಗತ್ಯ ಬೀಳುವುದೇ ಇಲ್ಲ. ಬೇಗಬೇಗ ಈಡು ಹಾರಿಸಿದಾಗ ದ್ರವ ಆವಿಯಾಗುತ್ತಾ ಮ್ಯಾಗಜೀನಿನ ಬಿಸಿ ಹೀರಿಕೊಳ್ಳುವುದರಿಂದ ಮೈ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಕೈಗೆ ತಂಪು ತಾಗುವುದು ಅದರಿಂದ. ಆಗ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಬಿಸಿಲಿಗಿಡುವುದು ಬೇಡ.

ಇಂಗಾಲದ ಡೈಆಕ್ಸೈಡಿನ ಕತೆ ಬೇರೆಯೇ. 20 ಡಿಗ್ರಿಯಲ್ಲಿ ಅದರ ಒತ್ತಡ 57 ಬಾರ್. 31 ಡಿಗ್ರಿಯಲ್ಲಿ ಅದು 74 ಬಾರ್ ಸಮೀಪಿಸಿ, ದ್ರವ ಯಾವುದು ಆವಿ ಯಾವುದು ಎಂಬ ಭೇದವೇ ಅಳಿಯುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಕ್ರಾಂತಿಕ ಬಿಂದು ಎಂದು ಹೆಸರು. ಅಲ್ಲಿಂದ ಮೇಲೆ, ತುಂಬಿದ ಕ್ಯಾಪ್ಸೂಲಿನಲ್ಲಿ ಉಷ್ಣತೆ ಕೆಲವೇ ಡಿಗ್ರಿ ಏರಿದರೂ ಒತ್ತಡ ಬಲುಬೇಗ ಏರುತ್ತದೆ. ಮಾರ್ಚಿನಿಂದ ಮೇವರೆಗೆ ಈ ಕರಾವಳಿಯ ಹಗಲು 31 ಡಿಗ್ರಿ ದಾಟುವುದು ನಿತ್ಯದ ಮಾತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿಯೂ ಆಗುತ್ತದೆ, ಸಾಮಾನ್ಯವಾಗಿ ಕ್ಯಾಪ್ಸೂಲುಗಳ ಮೇಲೆ ಎಚ್ಚರಿಕೆಯಾಗಿ ಬರೆದಿರುವ ಮಿತಿಯೂ ಅದೇ. ಮಧ್ಯಾಹ್ನದ ಸೆಕೆಯಲ್ಲಿ ಕ್ಯಾಪ್ಸೂಲು ಚುಚ್ಚಿದ ಪಿಸ್ತೂಲಿನ ಹ್ಯಾಮರ್ ಎಷ್ಟೋ ಸಲ ಕವಾಟವನ್ನು ಸರಿಯಾಗಿ ತೆರೆಯಲಾಗದೆ ಸೋಲುತ್ತದೆ, ಏಕೆಂದರೆ ಒಳಗಿನ ಒತ್ತಡ ಅದನ್ನು ಮುಚ್ಚಿಹಿಡಿದಿರುತ್ತದೆ. ಪಿಸ್ತೂಲು ಕೆಟ್ಟಿತೆಂದು ಆಗ ಬಿಚ್ಚಲು ಹೊರಡುವುದು ಅಪಾಯ. ತಂಪು ಜಾಗದಲ್ಲಿಟ್ಟು ಕಾಯುವುದು ಸರಿ. ಕ್ಯಾಪ್ಸೂಲು ಚುಚ್ಚಿದ್ದನ್ನು ಅಂದೇ ಮುಗಿಸಿ ತೆಗೆಯಬೇಕು. ರಾತ್ರಿಯಿಡೀ ಒತ್ತಡದಲ್ಲೇ ಬಿಟ್ಟರೆ ಅನಿಲ ರಬ್ಬರಿನೊಳಗೆ ಇಳಿದು, ಬಿಡುಗಡೆಯಾದಾಗ ಅದನ್ನು ಉಬ್ಬಿಸಿ ಸೀಳುತ್ತದೆ. ಏರ್‌ಸಾಫ್ಟ್ ಮ್ಯಾಗಜೀನಿನ ಪಾಠ ಇದಕ್ಕೆ ವಿರುದ್ಧ: ಅದರಲ್ಲಿ ಒಂದಿಷ್ಟು ಅನಿಲ ಬಿಟ್ಟೇ ಎತ್ತಿಡುವುದು ರೂಢಿ, ಆ ಸಣ್ಣ ಒತ್ತಡಕ್ಕೆ ವಾಷರುಗಳು ತಮ್ಮ ಜಾಗದಲ್ಲಿ ಕೂತಿರುತ್ತವೆ. ಗ್ರೀನ್ ಗ್ಯಾಸು ಪ್ರೊಪೇನೇ ಆದ್ದರಿಂದ ಬೆಂಕಿ ಹತ್ತುವಂಥದು. ಒಲೆ, ದೀಪ, ಬೀಡಿಯ ಹತ್ತಿರ ತುಂಬಿಸಕೂಡದು. ಅಡುಗೆ ಸಿಲಿಂಡರಿನಿಂದ ತುಂಬಿಸುವ ಯೋಚನೆಯಂತೂ ಬೇಡವೇ ಬೇಡ.

ರಬ್ಬರು ಕೆಡುವುದು ಬಹುಪಾಲು ತಪ್ಪು ಎಣ್ಣೆಯಿಂದ. ಈ ಪಿಸ್ತೂಲುಗಳ ಓ-ರಿಂಗುಗಳು ಹೆಚ್ಚಾಗಿ ನೈಟ್ರೈಲ್ ರಬ್ಬರಿನವು, ಅವಕ್ಕೆ ಒಗ್ಗುವುದು ಸಿಲಿಕೋನ್ ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಈಡಿನಿಂದ ತಣ್ಣಗಾದ ಮ್ಯಾಗಜೀನಿನ ಕವಾಟದಲ್ಲಿ ಮೇಣವಾಗಿ ಕೂರಲು ಅಷ್ಟು ಸಾಕು, ದಿನ ಕಳೆದಂತೆ ಕಮಟಿ ಅಂಟಾಗುತ್ತದೆ. ಬೋಟಿನ ಮರಕ್ಕೆ ಹಚ್ಚುವ ಮೀನೆಣ್ಣೆ ಇನ್ನೂ ಕೆಟ್ಟದ್ದು. ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುವ ಅದರ ಗುಣ ಮರಕ್ಕೆ ವರ, ಕವಾಟಕ್ಕೆ ಶಾಪ. ಹೊಲಿಗೆ ಯಂತ್ರದ ಎಣ್ಣೆ ಉಕ್ಕಿನ ಪಿನ್ನಿಗೆ ಆದೀತು, ಆದರೆ ಸ್ಪ್ರಿಂಗಿನ ಏರ್‌ಗನ್ನಿನ ಸಿಲಿಂಡರಿಗೆ ಹಾಕಬಾರದು. ಅಲ್ಲಿ ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಹುಟ್ಟುವ ಬಿಸಿಗೆ ಪೆಟ್ರೋಲಿಯಂ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಾಗುವಂತೆ ಹೊತ್ತಿಕೊಂಡು, ಸ್ಪ್ರಿಂಗನ್ನೂ ಸೀಲನ್ನೂ ಹಾಳುಗೆಡವುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳು ಸಿಕ್ಕಿಕೊಂಡ ತಿರುಪನ್ನು ಬಿಡಿಸಲು ಮಾತ್ರ. ಹಾರಿಹೋಗುವ ಅವನ್ನು ನಂಬಿ ಮಳೆಗಾಲಕ್ಕೆ ಎತ್ತಿಡಬಾರದು. ಲೋಹಕ್ಕೆ ಲೋಹ ಉಜ್ಜುವ ಕಡೆ ಲಿಥಿಯಂ ಗ್ರೀಸಿನ ತೆಳುಲೇಪ, ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಸಿಲಿಕೋನ್, ಇಷ್ಟರಲ್ಲೇ ಮುಗಿಯುತ್ತದೆ.

ಮಳೆಗಾಲಕ್ಕೆ ಎತ್ತಿಡುವ ಕ್ರಮದಲ್ಲಿ ದೊಡ್ಡ ತಪ್ಪು ಪಿಸ್ತೂಲು ಬಂದ ಸ್ಪಂಜಿನ ಪೆಟ್ಟಿಗೆಯನ್ನೇ ನಂಬುವುದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುವ ಸೀಮೆಯಲ್ಲಿ ಸ್ಪಂಜು ತೇವ ಹಿಡಿದಿಟ್ಟು ಲೋಹಕ್ಕೆ ಒತ್ತಿಕೊಂಡಿರುತ್ತದೆ. ಚರ್ಮದ ಚೀಲವೂ ಹಾಗೆಯೇ. ಒಣಬಟ್ಟೆಯಿಂದ ಬೆವರಿನ ಉಪ್ಪು ಒರೆಸಿ, ಲೋಹಕ್ಕೆ ತೆಳುವಾಗಿ ಎಣ್ಣೆ ಹಚ್ಚಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಡುವುದು ಉತ್ತಮ. ಬಣ್ಣ ಬದಲಿಸುವ ಜಾತಿಯ ಜೆಲ್ ತೇವ ಹೀರಿದಾಗ ತಾನೇ ತಿಳಿಸುತ್ತದೆ. ಬಿಸಿಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಆಯುಧಪೂಜೆಗೆ ಇಟ್ಟಿದ್ದರೆ ಹೂವು, ಕುಂಕುಮ, ಗಂಧವನ್ನು ಮರುದಿನವೇ ಒರೆಸಬೇಕು, ಒದ್ದೆ ಹೂವಿನ ಕೆಳಗೆ ಸತು ಬೇಗ ಮಂಕಾಗುತ್ತದೆ.

ಗಟ್ಟಿತನದ ಇನ್ನೊಂದು ತುದಿ ನೋಡಬೇಕೆಂದರೆ ಕ್ರೀಡೆಯ ಪಿಸ್ತೂಲುಗಳಿವೆ. 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆ 1988ರ ಸೋಲ್ ಒಲಿಂಪಿಕ್ಸಿನಲ್ಲಿ ಸೇರಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದೂ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪದಕ ಪಡೆದದ್ದೂ ಇದೇ ವಿಭಾಗದಲ್ಲಿ. ಒಂದು ಕಾಲಕ್ಕೆ ಈ ಪಿಸ್ತೂಲುಗಳೂ ಇಂಗಾಲದ ಡೈಆಕ್ಸೈಡಿನಿಂದಲೇ ಹಾರುತ್ತಿದ್ದವು. ಉಷ್ಣತೆಗೆ ತಕ್ಕಂತೆ ಒತ್ತಡ ಏರಿಳಿಯುವ ದೋಷದಿಂದಾಗಿ ಸುಮಾರು 200 ಬಾರ್‌ಗೆ ಒತ್ತಿದ ಗಾಳಿಯ ಸಿಲಿಂಡರು ಅದರ ಜಾಗಕ್ಕೆ ಬಂತು. ಅದಕ್ಕೂ ಹಿಂದಿನ ಜರ್ಮನಿಯ ಫೈನ್‌ವೆರ್ಕ್‌ಬೌ 65, 1965ರಲ್ಲಿ ಬಂದ ಸ್ಪ್ರಿಂಗಿನ ಪಿಸ್ತೂಲು, ಇಂದಿಗೂ ಕೆಲವರ ಕೈಯಲ್ಲಿ ಗುರಿ ತಪ್ಪದೆ ಹೊಡೆಯುತ್ತದೆ. ಉಕ್ಕು ಗಟ್ಟಿಯಾಗಿತ್ತು ಎಂಬುದು ಅದಕ್ಕೆ ಅರ್ಧ ಕಾರಣ ಮಾತ್ರ. ಪ್ರತಿ ಸೀಲಿಗೂ ಸಂಖ್ಯೆಯಿತ್ತು, ಪ್ರತಿ ತಿರುಪಿನ ನಕ್ಷೆಯಿತ್ತು, ಬಿಚ್ಚಿ ಜೋಡಿಸಬಲ್ಲ ಕೈಗಳಿದ್ದವು. ಹಳೆಯ ಜರ್ಮನ್ ಏರ್‌ಗನ್ನುಗಳಲ್ಲೂ ಕಾರ್ಖಾನೆಯ ಪಿಸ್ಟನ್ ಸೀಲು ಬಳಸದೇ ಇಟ್ಟರೂ ಪುಡಿಯಾಗುವುದುಂಟು. ಹೊಸ ಸೀಲು ಸಿಗುವುದರಿಂದ ಬಂದೂಕು ಉಳಿಯುತ್ತದೆ. ಇಂದಿನ ಸಿಲಿಂಡರುಗಳಿಗೆ ಹಲವು ತಯಾರಕರು 10 ವರ್ಷದ ಅವಧಿಯನ್ನು ಅವುಗಳ ಮೈಮೇಲೆಯೇ ಅಚ್ಚೊತ್ತುತ್ತಾರೆ. ತನ್ನ ಭಾಗಗಳ ಆಯುಷ್ಯವನ್ನು ತಾನೇ ಹೇಳಿಕೊಳ್ಳುವ ಈ ಪ್ರಾಮಾಣಿಕತೆ ಪ್ರತಿಕೃತಿಗಳ ಮಾರುಕಟ್ಟೆಗೂ ಬರಬೇಕು.

ತೋಟಕ್ಕೆಂದು ಕೊಳ್ಳುವವರ ಪಾಲಿಗೆ ಲೆಕ್ಕ ಚಿಕ್ಕದು. 0.2 ಗ್ರಾಂ ಪ್ಲಾಸ್ಟಿಕ್ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಒಂದು ಜೂಲ್. ತೆಂಗಿನ ತುದಿಯಲ್ಲಿ ಕೂತ ಮಂಗನವರೆಗೆ ಹೋಗುವಷ್ಟರಲ್ಲಿ ಅದರ ಬಹುಪಾಲು ಗಾಳಿಯಲ್ಲೇ ಕಳೆದಿರುತ್ತದೆ. ಹತ್ತಿರದಿಂದ ಕಣ್ಣಿಗೆ ತಾಗಿದರೆ ಮಾತ್ರ ಮಕ್ಕಳ ದೃಷ್ಟಿಯನ್ನೇ ಕಸಿಯಲು ಆ ಒಂದು ಜೂಲ್ ಸಾಕು. ಹಾಗಾಗಿ ಕನ್ನಡಕವಿಲ್ಲದೆ ಡಬ್ಬಕ್ಕೂ ಹೊಡೆಯಬಾರದು. ಉಕ್ಕಿನ ಗುಂಡು ಗೋಡೆಗೆ ತಾಗಿ ಹಿಂದಕ್ಕೆ ಸಿಡಿಯುತ್ತದೆಂಬುದೂ ನೆನಪಿರಬೇಕು. ಇನ್ನು ಏರ್‌ಗನ್ನಿನಿಂದಲೇ ಆದರೂ ನವಿಲಿನಂಥ ವನ್ಯಜೀವಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಮೂಕಾಂಬಿಕಾ ವನ್ಯಜೀವಿಧಾಮದ ಅಂಚಿನ ಊರುಗಳಿಗೆ ಇದು ಗೊತ್ತಿರುವ ಸಂಗತಿ. ಸದ್ದು ಮಾಡಿ ಬೆದರಿಸುವ ಕೆಲಸಕ್ಕೆ ಗ್ಯಾಸ್ ಪಿಸ್ತೂಲು ಉಪಯೋಗವಿಲ್ಲ. ಆ ಹಣವನ್ನು ಬೇಲಿಗೋ ಬಲೆಗೋ ಹಾಕುವುದು ಒಳ್ಳೆಯದು.

ಪರವಾನಗಿಯ ಗೆರೆಯೂ ತಿಳಿದಿರಬೇಕು. 2016ರ ಆಯುಧ ನಿಯಮಗಳಂತೆ 20 ಜೂಲ್ ಶಕ್ತಿಯನ್ನಾಗಲಿ 4.5 ಮಿ.ಮೀ. ನಳಿಗೆಯನ್ನಾಗಲಿ ಮೀರಿದ ಏರ್‌ಗನ್ನಿಗೆ ಪರವಾನಗಿ ಬೇಕು. ಹೆಚ್ಚು ಬಿರುಸಿನ ಸ್ಪ್ರಿಂಗು ಹಾಕಿಸಿ ಆ ಗೆರೆ ದಾಟಿಸಿದರೆ ಹೊಣೆ ಹಾಕಿಸಿದವರದು. ಪ್ರತಿಕೃತಿಯನ್ನು ನಿಜವಾದ ಕೋವಿಯಾಗಿ ಮಾರ್ಪಡಿಸುವುದನ್ನು 1959ರ ಆಯುಧ ಕಾಯಿದೆಯ 6ನೇ ಕಲಮು ಪರವಾನಗಿಯಿಲ್ಲದೆ ಮಾಡಕೂಡದೆಂದು ತಡೆದಿದೆ; ಸತುವಿನ ಎರಕ ಮದ್ದಿನ ಒತ್ತಡಕ್ಕೆ ಹಿಡಿದವನ ಕೈಯಲ್ಲೇ ಸಿಡಿಯುವಂಥದು. ಮನೆಯ ಹೊರಗೆ ಒಯ್ಯುವಾಗ ಪೆಟ್ಟಿಗೆಯಲ್ಲೇ ಒಯ್ಯಬೇಕು. ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಕಾಣುವವರಿಗೆ ಅದು ಅಸಲಿಯೇ. ಮುಂಬಯಿಯಿಂದಲೋ ಕೊಲ್ಲಿ ನಾಡಿನಿಂದಲೋ ವಿಮಾನದಲ್ಲಿ ಬರುವವರು ಅನಿಲದ ಡಬ್ಬಿ, ಕ್ಯಾಪ್ಸೂಲುಗಳನ್ನು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಪಿಸ್ತೂಲನ್ನು ಆಮದು ನಿಯಮ ವಿಚಾರಿಸದೆ ತರುವುದೂ ಸಲ್ಲ.

ರಿಪೇರಿಗೆ ಈ ಸೀಮೆಯಲ್ಲಿ ಕೈಗಳ ಕೊರತೆಯಿಲ್ಲ. ಬೋಟಿನ ಎಂಜಿನ್ ಬಿಚ್ಚಿ ಜೋಡಿಸುವ ಲೇತ್ ಅಂಗಡಿಗಳಿಗೆ ಸವೆದ ಪಿನ್ನಿನ ಬದಲು ಸ್ಟೇನ್‌ಲೆಸ್ ಉಕ್ಕಿನ ಪಿನ್ನು ಕಡೆದುಕೊಡುವುದು ಗಳಿಗೆಯ ಕೆಲಸ. ಹೈಡ್ರಾಲಿಕ್ ಬಿಡಿಭಾಗದ ಅಂಗಡಿಯಲ್ಲಿ ನೈಟ್ರೈಲ್ ಓ-ರಿಂಗುಗಳು ಒಳವ್ಯಾಸ, ದಪ್ಪ ಹೇಳಿದರೆ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತವೆ. ಹಳೆಯ ರಿಂಗು ಉಬ್ಬಿರುವುದರಿಂದ ಅದರ ಅಳತೆ ನಂಬದೆ ಅದು ಕೂರುವ ಕಚ್ಚನ್ನು ಅಳೆಯಬೇಕು. ಮ್ಯಾಗಜೀನು ಸೋರುತ್ತಿದೆಯೇ ಎಂದು ತಿಳಿಯಲು ಒಂದು ಲೋಟ ನೀರಲ್ಲಿ ಕ್ಷಣಕಾಲ ಅದ್ದಿ ಗುಳ್ಳೆ ಏಳುವ ಜಾಗ ನೋಡಿ, ಕೂಡಲೆ ಪೂರ್ತಿ ಒಣಗಿಸಿದರಾಯಿತು. ತುಂಬುವ ಕವಾಟದಲ್ಲಿ ಗುಳ್ಳೆ ಬಂದರೆ ಬರೀ ಒಂದು ರಿಂಗಿನ ಕೆಲಸ. ಮೈಯ ಮಧ್ಯದಲ್ಲಿ, ರಿಂಗೂ ತಿರುಪೂ ಇಲ್ಲದ ಕಡೆ ಗುಳ್ಳೆ ಬಂದರೆ ಎರಕವೇ ಬಿರಿದಿದೆ ಎಂದರ್ಥ. ಅದಕ್ಕೆ ಎಂ-ಸೀಲ್ ಮೆತ್ತುವುದು, ಬೆಸುಗೆ ಹಾಕಿಸುವುದು ಎರಡೂ ಸಲ್ಲದು. ಅಂಥ ಮ್ಯಾಗಜೀನಿನ ಅನಿಲವನ್ನು ಬಯಲಿನಲ್ಲಿ ಬಿಟ್ಟು ಖಾಲಿಮಾಡಿ ಗುಜರಿಗೆ ಹಾಕಬೇಕು. ಮುಗಿದ ಕ್ಯಾಪ್ಸೂಲುಗಳು ಒಳ್ಳೆಯ ಉಕ್ಕು. ಚುಚ್ಚಿ ಪೂರ್ತಿ ಖಾಲಿಯಾಗಿರುವುದನ್ನು ಖಚಿತಪಡಿಸಿಕೊಂಡು ಅವನ್ನೂ ಗುಜರಿಯವರಿಗೇ ಕೊಡಬೇಕು, ತರಗೆಲೆಯ ಬೆಂಕಿಗೆ ಎಸೆಯಬಾರದು.

ಇಂತಿ,
ಇದೇ ಕರಾವಳಿಯ ಒಬ್ಬ ಹವ್ಯಾಸಿ